ಬೂಟಿನೊಳಗೆ ಕಾಲಿದೆಯೇ?

ಕಳೆದ ಪುಷ್ಯ ಮಾಸದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರು. ಎಂಬತ್ತೊಂಬತ್ತು ವರ್ಷದ ತುಂಬು ಜೀವ. ಸುದ್ದಿ ತಿಳಿದು ಬೆಂಗಳೂರಿನಿಂದ ಹೊರಟು ಊರು ಮುಟ್ಟುವ ಹೊತ್ತಿಗೆ ಜಗುಲಿಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ದೀಪ, ಎದೆಯ ಮೇಲೆ ಹಾರಗಳು. ಬಂದವರೆಲ್ಲ ಮುಖ ನೋಡಿ ಕೈಮುಗಿಯುತ್ತಿದ್ದರು. ನನ್ನ ಕಣ್ಣು ಮಾತ್ರ ಪಾದಗಳ ಕಡೆಗೆ ಹೋಯಿತು. ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿಯ ದಾರದಿಂದ ಕಟ್ಟಿದ್ದರು. ಪಕ್ಕದಲ್ಲಿ ನಿಂತಿದ್ದ ನನ್ನ ಹಳೆಯ ಸಹಪಾಠಿಯೂ ಅಲ್ಲಿಗೇ ನೋಡುತ್ತಿದ್ದ. ಇಬ್ಬರೂ ಮಾತನಾಡಲಿಲ್ಲ. 1974ರ ಒಂದು ಶನಿವಾರದ ಬೆಳಿಗ್ಗೆ ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಶಾಲೆಯ ಅಮೃತ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ಹೊಳೆದದ್ದೂ ಆ ಶನಿವಾರವೇ. ಬೀಜಗಣಿತದ ಸೂತ್ರಗಳು, ಪಾಣಿಪತ್ ಕದನಗಳ ಇಸವಿಗಳು ಎಂದೋ ಹಾರಿಹೋಗಿವೆ. ನಮ್ಮೂರಿನಿಂದ ಏಳು ಸಾವಿರ ಕಿಲೋಮೀಟರಿಗೂ ಆಚೆ ಇರುವ ಒಬ್ಬ ಇಂಗ್ಲಿಷ್ ಶಿಲ್ಪಿಯ ಬದುಕು ಮಾತ್ರ ಅಂಗೈ ಗೆರೆಯಂತೆ ಉಳಿದಿದೆ. ಅವನು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಡ್ರಾಯಿಂಗ್ ತರಗತಿ ನಡೆಯುತ್ತಿದ್ದದ್ದು ಶಾಲೆಯ ಹಿಂದಿನ ತಗಡಿನ ಮಾಡಿನ ಕೋಣೆಯಲ್ಲಿ. ಮಳೆ ಬಂದರೆ ಪಾಠ ಕೇಳಿಸುತ್ತಿರಲಿಲ್ಲ. ಕಿಟಕಿಯ ಪಕ್ಕ ಒದ್ದೆ ಗೋಣಿ ಹೊದಿಸಿದ ಜೇಡಿಮಣ್ಣಿನ ಗುಡ್ಡೆ, ಕುಂಚಗಳನ್ನು ನಿಲ್ಲಿಸಿದ ಕಾಫಿ ಡಬ್ಬಿ, ಗೋಡೆಗೆ ಒರಗಿಸಿದ ಆರಡಿ ಉದ್ದದ ಬೆಂಚು. ಮೇಷ್ಟ್ರು ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಕೊಂಡು ತಂದು, ಬೇಕಾದ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಇಡುತ್ತಿದ್ದರು. ಹೊಯ್ಸಳರ ಮದನಿಕೆಯರಿದ್ದರು, ರವಿವರ್ಮನಿದ್ದ. ಆದರೆ ಅವರ ಬಾಯಿ ತುಂಬ ಬರುತ್ತಿದ್ದ ಹೆಸರು ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರ್. ನಮ್ಮ ಪಿ.ಟಿ. ಮೇಷ್ಟ್ರು ಎನ್‌ಸಿಸಿಯನ್ನೂ ನೋಡಿಕೊಳ್ಳುತ್ತಿದ್ದವರು. ಸಾರ್ಜೆಂಟ್ ಎಂದರೆ ಸೈನ್ಯದ ಹುದ್ದೆ ಎಂದು ಅವರು ನಮಗೆ ಹೇಳಿಕೊಟ್ಟಿದ್ದರು. ಡ್ರಾಯಿಂಗ್ ಮೇಷ್ಟ್ರು ತಿದ್ದಿದರು: ‘ಅದು ಅಪ್ಪ ಅಮ್ಮ ಇಟ್ಟ ಹೆಸರು ಕಣ್ರಯ್ಯಾ. ಸೈನ್ಯಕ್ಕೆ ಸೇರಿದ ಮೇಲೆ ಅವನು ಅಧಿಕಾರಿಯೇ ಆಗಿದ್ದ.’

ಪಿ.ಟಿ. ಮೇಷ್ಟ್ರ ಬಗ್ಗೆಯೂ ಎರಡು ಮಾತು ಬರೆಯಲೇಬೇಕು. ಎನ್‌ಸಿಸಿ ಕೋಣೆಯಲ್ಲಿ ನಲವತ್ತು ಜೊತೆ ಬೂಟುಗಳಿದ್ದವು. ದಿನಾ ಸಂಜೆ ಅವರು ಅವುಗಳನ್ನು ಬೆರಳು ಮಡಿಸಿ ಎಣಿಸಿಯೇ ಬೀಗ ಹಾಕುತ್ತಿದ್ದರು. ಬೂಟಿನ ಮೂತಿಯಲ್ಲಿ ಹಲ್ಲು ಕಾಣುವಷ್ಟು ಹೊಳಪು ಬಂದಿರದಿದ್ದರೆ ಮೈದಾನಕ್ಕೆ ಮೂರು ಸುತ್ತು. ಅವರ ಕೈಯಲ್ಲಿ ಬೆಳೆದವನು ಇಂದಿಗೂ ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಮನೆಯೊಳಗೆ ಕಾಲಿಡುವುದಿಲ್ಲ.

ನಾವು ಆಗ ಒಂಬತ್ತನೇ ತರಗತಿ. ಶನಿವಾರ ಬೆಳಿಗ್ಗೆ ಆರೂವರೆಗೆ ಲೆಕ್ಕದ ಮೇಷ್ಟ್ರ ವಿಶೇಷ ತರಗತಿ, ಅದೂ ಆ ತಗಡಿನ ಕೋಣೆಯಲ್ಲೇ. ಅವರನ್ನು ಒಂದು ಸಲ ಹೆದರಿಸಬೇಕೆಂದು ನಾವು ನಾಲ್ವರು ನಿಶ್ಚಯಿಸಿದೆವು. ಶುಕ್ರವಾರ ಸಂಜೆ ಎಣಿಕೆ ಮುಗಿದು ಬೀಗ ಬೀಳುವ ನಡುವಿನ ಗಳಿಗೆಯಲ್ಲಿ ಒಂದು ಜೊತೆ ಬೂಟು ಹೊರಗೆ ಬಂತು. ಗೋಣಿಚೀಲಕ್ಕೆ ಹುಲ್ಲು ತುಂಬಿ ಬೆಂಚಿನ ಮೇಲೆ ಮಲಗಿಸಿದೆವು. ರಾತ್ರಿ ಕಾವಲುಗಾರನ ಕರಿ ಕಂಬಳಿಯನ್ನು ತಲೆಯಿಂದ ಮೊಣಕಾಲಿನವರೆಗೆ ಹೊದಿಸಿದೆವು. ಕಂಬಳಿಯ ತುದಿಯಲ್ಲಿ ಬೂಟುಗಳನ್ನು ನೆಟ್ಟಗೆ, ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ಬೆಳಗಿನ ಮಬ್ಬಿನಲ್ಲಿ ನಮಗೇ ಎದೆ ಝಲ್ಲೆನ್ನುವಂತಿತ್ತು.

ಅಂದು ಮೊದಲು ಬಂದವರು ಡ್ರಾಯಿಂಗ್ ಮೇಷ್ಟ್ರು. ಒಣಗಲಿಟ್ಟ ಗಣಪತಿ ಬಿರುಕು ಬಿಟ್ಟಿದೆಯೇ ಎಂದು ನೋಡಲು ಬಂದಿದ್ದರಂತೆ. ಕಿಟಕಿಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ನಮ್ಮ ಉಸಿರು ನಿಂತಿತು. ಅವರು ಕೂಗಲಿಲ್ಲ. ಬೆಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಾಗಿ, ಬೂಟಿನ ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತಿದರು. ಚರ್ಮ ಒಳಕ್ಕೆ ತಗ್ಗಿತು.

‘ಯಾರಯ್ಯಾ ಇದನ್ನು ಮಾಡಿದವರು? ಒಳಗೆ ಬನ್ನಿ. ಕಂಬಳಿಯ ಮಡಿಕೆ ಚೆನ್ನಾಗಿ ಕೂರಿಸಿದ್ದೀರಿ. ಬೂಟು ಸುಳ್ಳು. ಈ ಬೂಟಿನೊಳಗೆ ಕಾಲಿಲ್ಲ.’

ಹುಲ್ಲಿನ ಚೀಲವನ್ನು ಕೆಳಗಿಳಿಸಿ ಆ ಬೂಟುಗಳನ್ನು ನನಗೇ ಹಾಕಿಸಿ ಮಲಗಿಸಿದರು. ‘ಉಸಿರು ಬಿಡು. ಕಾಲಿದೆ ಅನ್ನುವುದನ್ನೇ ಮರೆತುಬಿಡು’ ಎಂದರು. ಸ್ವಲ್ಪ ಹೊತ್ತಿಗೆ ನನ್ನ ಪಾದಗಳು ತಾವಾಗಿ ಒಂದು ಆ ಕಡೆ, ಒಂದು ಈ ಕಡೆ ಹೊರಳಿದವು. ‘ನೋಡಿದಿರಾ? ಹಿಡಿತ ಬಿಟ್ಟ ಪಾದ ಹೊರಕ್ಕೆ ವಾಲುತ್ತದೆ. ಸತ್ತವರಿಗೆ ನಮ್ಮವರು ಹೆಬ್ಬೆರಳು ಕಟ್ಟುವುದು ಅದಕ್ಕೇ’ ಎಂದರು. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರೂ ಉಳಿದ ಹುಡುಗರೂ ಬಂದರು. ಲೆಕ್ಕದ ಮೇಷ್ಟ್ರನ್ನು ಕೇಳಿಕೊಂಡು ಆ ಒಂದು ಗಂಟೆಯನ್ನು ಡ್ರಾಯಿಂಗ್ ಮೇಷ್ಟ್ರು ಪಡೆದುಕೊಂಡರು. ನಾನು ಮುಖದ ಮೇಲೆ ಚುಚ್ಚುವ ಕಂಬಳಿ ಹೊದ್ದು ಅಲ್ಲಾಡದೆ ಮಲಗಿದ್ದೆ. ಮೂವತ್ತೆರಡು ಪೆನ್ಸಿಲುಗಳು ಕಾಗದದ ಮೇಲೆ ಗರಗರ ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಇಡೀ ತರಗತಿಯಲ್ಲಿ ಆ ಚಿತ್ರ ಬರೆಯದವನು ನಾನೊಬ್ಬನೇ. ಸೋಮವಾರ ನಾವು ನಾಲ್ವರೂ ನಲವತ್ತು ಜೊತೆ ಬೂಟಿಗೆ ಪಾಲಿಶ್ ಹಾಕಿದೆವು. ಅದು ಪಿ.ಟಿ. ಮೇಷ್ಟ್ರ ಲೆಕ್ಕ.

ಗಂಟೆಯ ಕೊನೆಗೆ ಮೇಷ್ಟ್ರು ಕಪಾಟಿನಿಂದ ಒಂದು ರಟ್ಟು ತೆಗೆದು ಬೆಂಚಿನ ಮೇಲಿಟ್ಟರು. ಕಪ್ಪುಬಿಳುಪು ಚಿತ್ರ. ಕಂಚಿನ ಸೈನಿಕನೊಬ್ಬ ಅಂಗಾತ ಮಲಗಿದ್ದಾನೆ. ಅವನ ಮುಖದ ಮೇಲೆ ಅವನದೇ ದಪ್ಪ ಕೋಟು ಹೊದಿಸಿದೆ, ಎದೆಯ ಮೇಲೆ ಶಿರಸ್ತ್ರಾಣ. ಕೋಟಿನ ಕೆಳಗಿನಿಂದ ಬೂಟುಗಳು ಹೊರಚಾಚಿವೆ. ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿರುವ ರಾಯಲ್ ಆರ್ಟಿಲರಿ, ಅಂದರೆ ಬ್ರಿಟಿಷ್ ಫಿರಂಗಿ ದಳದ ಸ್ಮಾರಕಕ್ಕೆ ಜ್ಯಾಗರ್ ಮಾಡಿದ ಶಿಲ್ಪ ಅದು. ನಾವು ಆಟಕ್ಕೆ ಮಾಡಿದ್ದನ್ನು ಒಬ್ಬ ಮನುಷ್ಯ ಮಹಾನಗರದ ನಟ್ಟನಡುವೆ, ಲಕ್ಷಾಂತರ ಜನ ಓಡಾಡುವ ಕಡೆ ಮಾಡಿಟ್ಟಿದ್ದ. ನಮಗೆ ನಾಲಿಗೆ ಏಳಲಿಲ್ಲ.

ಅಂದಿನಿಂದ ಶನಿವಾರಗಳು ಜ್ಯಾಗರನವಾದವು. ಪಕ್ಕದ ಬೀದಿಯವನ ಸುದ್ದಿ ಹೇಳಿದಂತೆ ಮೇಷ್ಟ್ರು ಹೇಳುತ್ತಿದ್ದರು. 1885ರಲ್ಲಿ ಯಾರ್ಕ್‌ಶೈರಿನ ಕಿಲ್ನ್‌ಹರ್ಸ್ಟ್ ಎಂಬ ಊರಿನಲ್ಲಿ ಹುಟ್ಟಿದವನು. ಅಪ್ಪ ಕಲ್ಲಿದ್ದಲು ಗಣಿಯ ಮ್ಯಾನೇಜರ್. ಹದಿನಾಲ್ಕನೇ ವಯಸ್ಸಿಗೆ ಶೆಫೀಲ್ಡ್‌ನ ಮ್ಯಾಪಿನ್ ಅಂಡ್ ವೆಬ್ ಕಾರ್ಖಾನೆಯಲ್ಲಿ ಲೋಹದ ಮೇಲೆ ಕೆತ್ತನೆ ಕಲಿಯಲು ಸೇರಿದ. ‘ನಿಮ್ಮ ವಯಸ್ಸೇ!’ ಎಂದು ಮೇಷ್ಟ್ರು ಬೆಂಚು ಕುಟ್ಟುತ್ತಿದ್ದರು. ನಮ್ಮಲ್ಲಿ ಅಕ್ಕಸಾಲಿಗರ ಮನೆಯ ಹುಡುಗನೊಬ್ಬನಿದ್ದ. ಅವನ ಬೆನ್ನು ನೆಟ್ಟಗಾಗುತ್ತಿತ್ತು. ಬಕಲ್ಲು, ಬೆಲ್ಟು, ಬೂಟಿನ ದಾರ ಇವುಗಳನ್ನು ಜ್ಯಾಗರ್ ಅಷ್ಟು ನಿಖರವಾಗಿ ಮಾಡುವುದಕ್ಕೆ ಆ ಕೆತ್ತನೆಯ ಕಸುಬೇ ಕಾರಣ ಎನ್ನುವುದು ಮೇಷ್ಟ್ರ ಖಚಿತ ಅಭಿಪ್ರಾಯ. ನಾನು ಅದನ್ನು ಇಂದಿಗೂ ಒಪ್ಪುತ್ತೇನೆ.

ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದ. 1914ರಲ್ಲಿ ರೋಮ್ ನಗರದಲ್ಲಿ ಶಿಲ್ಪ ಕಲಿಯುವ ದೊಡ್ಡ ವಿದ್ಯಾರ್ಥಿವೇತನ ಅವನಿಗೆ ಸಿಕ್ಕಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆ ವಿದ್ಯಾರ್ಥಿವೇತನ ಬಿಟ್ಟು ಸೈನ್ಯಕ್ಕೆ ಹೋದ. 1915ರಲ್ಲಿ ತುರ್ಕಿಯ ಗ್ಯಾಲಿಪೊಲಿಯಲ್ಲಿ ಭುಜಕ್ಕೆ ಗುಂಡು. ಗುಣವಾಗಿ ಮತ್ತೆ ರಣರಂಗಕ್ಕೆ. 1918ರಲ್ಲಿ ಮತ್ತೆ ಗಾಯ, ಜೊತೆಗೆ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್. ಉಳಿದ ಹದಿನಾರು ವರ್ಷಗಳಲ್ಲಿ ಕಂಡದ್ದನ್ನು ಕಂಚಿಗೂ ಕಲ್ಲಿಗೂ ಇಳಿಸಿ 1934ರ ನವೆಂಬರಿನಲ್ಲಿ, ನಲವತ್ತೆಂಟು ತುಂಬಿ ನಲವತ್ತೊಂಬತ್ತಕ್ಕೆ ಕಾಲಿಡುವ ಮುನ್ನವೇ ತೀರಿಕೊಂಡ. ಸಾಯುವ ಹಿಂದಿನ ವರ್ಷ ಶಿಲ್ಪ ಕಲಿಯುವವರಿಗಾಗಿ ಒಂದು ಪುಸ್ತಕವನ್ನೂ ಬರೆದ. ಮೇಷ್ಟ್ರು ಜೀವಮಾನವೆಲ್ಲ ಅದನ್ನು ಹುಡುಕಿದರು. ಸಿಗಲಿಲ್ಲ.

ಶಾಲೆಯ ಮೈದಾನದಾಚೆ ಹೊಲದ ಬದುವಿನಲ್ಲಿ ಅರ್ಧ ಹೂತ ವೀರಗಲ್ಲೊಂದಿತ್ತು. ದನ ಕಾಯುವವರು ಅದಕ್ಕೆ ಕುಡುಗೋಲು ಮಸೆಯುತ್ತಿದ್ದರು. ಒಂದು ಶನಿವಾರ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತವನ ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ತುದಿಯಲ್ಲಿ ಶಿವಲಿಂಗ, ಅದರ ಮೇಲೆ ಸೂರ್ಯಚಂದ್ರರು. ‘ನಮ್ಮವರು ಸತ್ತವನನ್ನು ಕೈಲಾಸಕ್ಕೆ ಮುಟ್ಟಿಸಿಯೇ ಉಳಿ ಕೆಳಗಿಟ್ಟರು. ಜ್ಯಾಗರ್ ಕೆಳಗಿನ ಪಟ್ಟಿಕೆಯಲ್ಲೇ ನಿಂತುಬಿಟ್ಟ. ಅವನು ಅಲ್ಲಿ ಇದ್ದು ಬಂದವನು’ ಎಂದರು. ಎರಡರಲ್ಲಿ ಯಾವುದು ಹೆಚ್ಚು ಎಂದು ಯಾರೋ ಕೇಳಿದರು. ಮೇಷ್ಟ್ರು ಉತ್ತರಿಸದೆ ಕಲ್ಲಿಗೆ ಮೆತ್ತಿದ ಮಣ್ಣನ್ನು ಪಂಚೆಯ ತುದಿಯಿಂದ ಒರೆಸುತ್ತ ಕುಳಿತರು.

ಇನ್ನೊಂದು ರಟ್ಟಿನಲ್ಲಿ ಪ್ಯಾಡಿಂಗ್ಟನ್ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂ ಇತ್ತು. ಯುದ್ಧದಲ್ಲಿ ಸತ್ತ ರೈಲ್ವೆ ನೌಕರರಿಗಾಗಿ 1922ರಲ್ಲಿ ಅಲ್ಲಿ ನಿಲ್ಲಿಸಿದ ಜ್ಯಾಗರನ ಸೈನಿಕ. ಅವನು ಬಂದೂಕು ಎತ್ತಿ ಹಿಡಿದಿಲ್ಲ. ಕೊರಳಿಗೆ ಮಫ್ಲರ್ ಸುತ್ತಿ, ಹೆಗಲ ಮೇಲೆ ಕೋಟು ಹೊದ್ದು, ತಲೆ ತಗ್ಗಿಸಿ ಮನೆಯಿಂದ ಬಂದ ಕಾಗದ ಓದುತ್ತಿದ್ದಾನೆ. ‘ಆ ಕಾಗದದಲ್ಲಿ ಏನಿದೆ? ಬರೆದುಕೊಂಡು ಬನ್ನಿ’ ಎಂದರು. ಡ್ರಾಯಿಂಗ್ ತರಗತಿಗೆ ಕಾಗದ ಬರೆಯುವ ಮನೆಗೆಲಸ! ಹೆಚ್ಚಿನವರು ‘ದೇಶಕ್ಕಾಗಿ ಹೋರಾಡು ಮಗನೇ’ ಎಂದು ಬರೆದರು. ನಾನು ‘ಎಮ್ಮೆ ಈದಿದೆ. ಹೆಣ್ಣು ಕರು. ನೀನು ಹೇಳಿದ ಹೆಸರನ್ನೇ ಇಟ್ಟಿದ್ದೇವೆ’ ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಎರಡು ಸಲ ಓದಿದರು, ಎರಡನೆಯ ಸಲ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ನನಗೆ ಆಮೇಲೆ ಸರ್ಕಾರದಿಂದ ಎರಡು ಪ್ರಶಸ್ತಿಪತ್ರಗಳು ಬಂದಿವೆ. ಅವು ಎಲ್ಲಿವೆಯೋ. ಆ ಕಾಗದ ಇನ್ನೂ ನನ್ನ ಬೀರುವಿನಲ್ಲಿದೆ. 2014ರಲ್ಲಿ, ಮಹಾಯುದ್ಧ ಆರಂಭವಾಗಿ ನೂರು ವರ್ಷವಾದಾಗ, ಬ್ರಿಟನ್ನಿನಲ್ಲಿ ಅದೇ ಪ್ರತಿಮೆಗೆ ಕಾಗದ ಬರೆಯಿರಿ ಎಂದು ಜನರಿಗೆ ಕರೆ ಕೊಟ್ಟರು. 21 ಸಾವಿರಕ್ಕೂ ಹೆಚ್ಚು ಕಾಗದಗಳು ಬಂದವು. ಅದನ್ನು ಓದಿದ ದಿನ ನಾನು ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೇಳಿದೆ: ನಲವತ್ತು ವರ್ಷ ಮೊದಲೇ, ಒಂದು ತಗಡಿನ ಕೋಣೆಯಲ್ಲಿ, ನಮ್ಮ ಮೇಷ್ಟ್ರು ಇದನ್ನು ಮಾಡಿಸಿದ್ದರು.

ನಾನು ಶಿಲ್ಪಿಯಾಗಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಸೇತುವೆ, ರಸ್ತೆಗಳನ್ನು ಕಟ್ಟಿಸಿ ನಿವೃತ್ತನಾದೆ. ಆದರೂ ಮೇಷ್ಟ್ರ ಪಾಠ ಒಂದು ಕಡೆ ನೇರವಾಗಿ ಕೆಲಸಕ್ಕೆ ಬಂತು. ಗಡಿಯಲ್ಲಿ ಮಡಿದ ನಮ್ಮ ತಾಲ್ಲೂಕಿನ ಯೋಧನೊಬ್ಬನ ಪ್ರತಿಮೆ ನಿಲ್ಲಿಸುವ ಸಮಿತಿಯಲ್ಲಿ ನಾನಿದ್ದೆ. ಮಣ್ಣಿನ ಮಾದರಿ ನೋಡಲು ಹೋದೆವು. ಮೀಸೆ ಚೆನ್ನಾಗಿತ್ತು, ಪದಕಗಳು ಚೆನ್ನಾಗಿದ್ದವು. ಬೂಟುಗಳು ಎರಡು ಇಟ್ಟಿಗೆಗಳಂತಿದ್ದವು. ‘ಕೆಳಗೆ ಯಾರು ನೋಡುತ್ತಾರೆ ಸಾರ್, ಉದ್ಘಾಟನೆಗೆ ಇಪ್ಪತ್ತೇ ದಿನ ಉಳಿದಿದೆ’ ಎಂದರು ಉಳಿದ ಸದಸ್ಯರು. ನಾನು ಒಪ್ಪಲಿಲ್ಲ. ನಿವೃತ್ತ ಸುಬೇದಾರರೊಬ್ಬರ ಬೂಟು ತರಿಸಿ ಶಿಲ್ಪಿಯ ಮುಂದಿಟ್ಟೆ. ಆತ ಎರಡು ರಾತ್ರಿ ಕುಳಿತು ಮಡಿಕೆ, ದಾರ, ಸವೆದ ಹಿಮ್ಮಡಿ ಎಲ್ಲವನ್ನೂ ಮತ್ತೆ ಮಾಡಿದ. ಅನಾವರಣದ ದಿನ ಆ ಯೋಧನ ತಾಯಿ ಬಂದರು. ಪೀಠ ಎತ್ತರದಲ್ಲಿತ್ತು. ಅವರ ಕೈಗೆ ಎಟುಕಿದ್ದು ಬೂಟು ಮಾತ್ರ. ತುಂಬ ಹೊತ್ತು ಅದನ್ನೇ ಹಿಡಿದುಕೊಂಡು ನಿಂತಿದ್ದರು. ಆ ಸಮಿತಿಯಲ್ಲಿ ನಾನಿದ್ದೆ ಎನ್ನುವುದು ನನಗೆ ಸೇತುವೆಗಳಿಗಿಂತ ದೊಡ್ಡ ಹೆಮ್ಮೆ.

ಸಮಿತಿ ಎಂದಾಗ ಜ್ಯಾಗರನ ಸಮಿತಿ ನೆನಪಾಗುತ್ತದೆ. ಆ ಮಲಗಿದ ಸೈನಿಕ ಮೊದಲ ನಕ್ಷೆಯಲ್ಲಿ ಇರಲೇ ಇಲ್ಲ. ನಡುವೆ ಅದನ್ನು ಸೇರಿಸಲೇಬೇಕೆಂದು ಜ್ಯಾಗರ್ ಹಟ ಹಿಡಿದ. ಸಮಿತಿಯವರು ಹಿಂಜರಿದರು. ಎರಕದ ಖರ್ಚನ್ನು ಬೇಕಾದರೆ ತಾನೇ ಕೊಡುತ್ತೇನೆಂದ. ಕೊನೆಗೆ ಅವನ ಮಾತೇ ನಡೆದು, 1925ರ ಅಕ್ಟೋಬರ್ 18ರಂದು ಸ್ಮಾರಕದ ಅನಾವರಣವಾಯಿತು.

ನಾನು ಅದನ್ನು ಕಣ್ಣಾರೆ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಅದೇ ವಾರ, 8ನೇ ತಾರೀಖು, ರಾಣಿ ಎಲಿಜಬೆತ್ ತೀರಿಕೊಂಡರು. 19ರಂದು ಅವರ ಶವಪೆಟ್ಟಿಗೆಯನ್ನು ಫಿರಂಗಿ ಗಾಡಿಯಿಂದ ಇಳಿಸಿ ಕಾರಿಗೆ ಏರಿಸಿದ್ದು ಸ್ಮಾರಕದ ಪಕ್ಕದಲ್ಲೇ ಇರುವ ವೆಲಿಂಗ್ಟನ್ ಕಮಾನಿನ ಬಳಿ. ಅದೆಲ್ಲ ಮುಗಿದು ಬೇಲಿಗಳನ್ನು ತೆಗೆದ ಮೇಲೆ ಒಂದು ಬೆಳಿಗ್ಗೆ ಒಬ್ಬನೇ ಹೋದೆ. ಬಿಳಿಯ ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಕೆತ್ತಿದ ದೈತ್ಯ ಹೊವಿಟ್ಜರ್ ತೋಪು ಮೇಲೆ. ಕೆಳಗೆ ಸುತ್ತಲೂ ನಾಲ್ಕು ಕಂಚಿನ ಆಳುಗಳು. ಅಧಿಕಾರಿ, ಗುಂಡು ಹೊರುವವನು, ತೋಳು ಚಾಚಿ ಗೋಡೆಗೆ ಒರಗಿದ ಗಾಡಿಯವನು, ಮತ್ತು ಅವನು. ಸತ್ತ 49,076 ಮಂದಿಯ ಸಂಖ್ಯೆಯನ್ನು ಅಕ್ಷರಗಳಲ್ಲಿ ಕೆತ್ತಿದ್ದಾರೆ. ಮಲಗಿದವನ ಕೆಳಗೆ ಶೇಕ್ಸ್‌ಪಿಯರನ ಸಾಲೊಂದಿದೆ, ಸಾವಿನ ರಾಜಬಳಗ ಇಲ್ಲಿತ್ತು ಎಂಬರ್ಥದ್ದು. ನಲವತ್ತೆಂಟು ವರ್ಷ ರಟ್ಟಿನ ಮೇಲೆ ಅಂಗೈಯಗಲ ಇದ್ದವನು ನನಗಿಂತ ದೊಡ್ಡವನಾಗಿ ಮಲಗಿದ್ದ. ಕೋಟಿನ ಮಡಿಕೆಗಳಲ್ಲಿ ಮಳೆನೀರು ನಿಂತಿತ್ತು.

ಮೇಷ್ಟ್ರಿಗೆ ವಿಡಿಯೊ ಕರೆ ಮಾಡಿದೆ. ಮೊಮ್ಮಗಳು ಮೊಬೈಲ್ ಹಿಡಿದುಕೊಂಡಿದ್ದಳು. ಅವರ ಕಣ್ಣು ಆಗಲೇ ತೀರಾ ಮಬ್ಬಾಗಿತ್ತು. ತೋರಿಸಿದ್ದು ಕಾಣಲಿಲ್ಲ.

‘ಬೂಟಿನೊಳಗೆ ಕಾಲಿದೆಯೇನಯ್ಯಾ?’

‘ಇದೆ ಸಾರ್.’

‘ಸರಿಯಾಗಿ ನೋಡಿ ಹೇಳು.’

‘ಇದೆ ಸಾರ್, ನೋಡಿಯೇ ಹೇಳುತ್ತಿದ್ದೇನೆ.’

ಆಮೇಲೆ ಅವರೇ ನನಗೊಂದು ಸುದ್ದಿ ಹೇಳಿದರು. ದೆಹಲಿಯ ಇಂಡಿಯಾ ಗೇಟಿನ ಪಕ್ಕ ವಾಸ್ತುಶಿಲ್ಪಿ ಲುಟ್ಯೆನ್ಸ್ ಕಟ್ಟಿಸಿದ ಕಲ್ಲಿನ ಮಂಟಪದಲ್ಲಿ ಮೊದಲು ಇದ್ದದ್ದು ಜ್ಯಾಗರನ ಐದನೇ ಜಾರ್ಜ್ ಪ್ರತಿಮೆ, ಜ್ಯಾಗರ್ ಸತ್ತ ಮೇಲೆ ನಿಲ್ಲಿಸಿದ್ದು. 1968ರಲ್ಲಿ ಅದನ್ನು ತೆಗೆದು ಕಾರೊನೇಷನ್ ಪಾರ್ಕಿಗೆ ಸಾಗಿಸಿದ ಮೇಲೆ ಮಂಟಪ ಐವತ್ತಕ್ಕೂ ಹೆಚ್ಚು ವರ್ಷ ಖಾಲಿ ಇತ್ತು. ರಾಣಿ ತೀರಿಕೊಂಡ ಅದೇ ಸೆಪ್ಟೆಂಬರ್ 8ರಂದು ಅಲ್ಲಿ ನೇತಾಜಿಯ ಪ್ರತಿಮೆ ಅನಾವರಣವಾಗಿತ್ತು. 28 ಅಡಿಯ ಕರಿ ಗ್ರಾನೈಟ್. 280 ಟನ್ನಿನ ಬಂಡೆಯಿಂದ 65 ಟನ್ನಿನ ಪ್ರತಿಮೆ. ಕೆತ್ತಿದ ತಂಡದ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್. ‘ಜ್ಯಾಗರನ ರಾಜ ಇಳಿದ ಜಾಗಕ್ಕೆ ನಮ್ಮ ಮೈಸೂರಿನ ಉಳಿ ಬಂತು ನೋಡಯ್ಯಾ!’ ಎಂದರು. ಮೊಮ್ಮಗಳ ಕೈಯಲ್ಲಿ ಓದಿಸಿಕೊಂಡ ಪತ್ರಿಕೆಯ ತುಣುಕನ್ನು ಅದಾಗಲೇ ರಟ್ಟಿಗೆ ಅಂಟಿಸಿದ್ದರು.

ಒಂದು ವಿಷಯವನ್ನು ಮಾತ್ರ ಅವರಿಗೆ ನಾನು ಎಂದೂ ಹೇಳಲಿಲ್ಲ. ಸೂಯೆಜ್ ಕಾಲುವೆಯ ದಡದ ಪೋರ್ಟ್ ತೌಫೀಕ್‌ನಲ್ಲಿ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಣರಂಗಗಳಲ್ಲಿ ಸತ್ತು ಸಮಾಧಿಯೂ ಸಿಗದ ಸುಮಾರು ನಾಲ್ಕು ಸಾವಿರ ಭಾರತೀಯ ಸೈನಿಕರ ಸ್ಮಾರಕಕ್ಕೆ ಜ್ಯಾಗರ್ ಎರಡು ಹುಲಿಗಳನ್ನು ಮಾಡಿದ್ದ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಹೈಫಾ ಗೆದ್ದದ್ದೂ ಅದೇ ಪ್ಯಾಲೆಸ್ಟೈನ್ ದಂಡಯಾತ್ರೆಯಲ್ಲಿ, 1918ರ ಸೆಪ್ಟೆಂಬರ್ 23ರಂದು. ‘ನಮ್ಮವರನ್ನು ಕಾಯಲು ಅವನ ಹುಲಿಗಳಿವೆ’ ಎಂದು ಮೇಷ್ಟ್ರು ನಂಬಿದ್ದರು. 1967ರಿಂದ 1973ರವರೆಗಿನ ಯುದ್ಧಗಳಲ್ಲಿ ಆ ಸ್ಮಾರಕ ಜಖಂಗೊಂಡು, ಕೊನೆಗೆ ಅದನ್ನು ಕೆಡವಿದರು. ಸತ್ತವರನ್ನು ನೆನೆಯಲು 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಬೇರೆ ಸ್ಮಾರಕ ಬಂತು. ಹುಲಿಗಳು ಬರಲಿಲ್ಲ.

ಅಮೃತ ಮಹೋತ್ಸವದ ಸಂಭ್ರಮದಲ್ಲಿ ಇದನ್ನು ಹೇಳಬಾರದೇನೋ, ಆದರೂ ಹೇಳುತ್ತೇನೆ. ಮೇಷ್ಟ್ರು ನಿವೃತ್ತರಾದ ಮೇಲೆ ಡ್ರಾಯಿಂಗ್ ಹುದ್ದೆಗೆ ಯಾರೂ ಬರಲಿಲ್ಲ. ತಗಡಿನ ಕೋಣೆಯಲ್ಲಿ ಈಗ ಮುರಿದ ಡೆಸ್ಕುಗಳಿವೆ. ಡ್ರಾಯಿಂಗ್ ಪೀರಿಯಡ್ಡಿಗೆ ಗಣಿತ ಬರುತ್ತದೆ. ನನ್ನ ಮೊಮ್ಮಗ ಬೆಂಗಳೂರಿನಲ್ಲಿ ದುಬಾರಿ ಶುಲ್ಕದ ಶಾಲೆಗೆ ಹೋಗುತ್ತಾನೆ. ‘ನಮ್ಮ ವೀರ ಯೋಧರು’ ಎಂಬ ಪ್ರಾಜೆಕ್ಟಿಗೆ ಅಂಗಡಿಯಿಂದ ಅಚ್ಚಾದ ಹಾಳೆ ತಂದು, ಗೆರೆಯ ಮೇಲೆ ಕತ್ತರಿಸಿ ಅಂಟಿಸಿದ. ಹತ್ತಕ್ಕೆ ಹತ್ತು ಅಂಕ. ಯಾರ ಚಿತ್ರ ಅಂಟಿಸಿದೆ ಎಂದು ಕೇಳಿದೆ. ಹಾಳೆ ತಿರುಗಿಸಿ ಹೆಸರು ಓದಿ ಹೇಳಿದ. ಮಗುವಿನ ತಪ್ಪಲ್ಲ. ಒಂದು ಗಂಟೆ ಒಂದೇ ವಸ್ತುವನ್ನು ನೋಡುತ್ತ ಕೂರಬಹುದು ಎಂದು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮೇಷ್ಟ್ರ ಮಗಳು ನನ್ನನ್ನು ಒಳಗೆ ಕರೆದು ಒಂದು ಹಳೆಯ ಟ್ರಂಕು ತೆರೆದರು. ರಟ್ಟುಗಳೆಲ್ಲ ಹಾಗೆಯೇ ಇದ್ದವು, ನಡುನಡುವೆ ಬೇವಿನ ಎಲೆ. ಮಲಗಿದ ಸೈನಿಕನ ರಟ್ಟನ್ನು ನನಗೆ ಕೊಟ್ಟರು. ಅದರ ಬೆನ್ನಿಗೆ ಮೂವತ್ತೆರಡು ಹುಡುಗರ ಹೆಸರುಗಳನ್ನು ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದು, ಆ ದಿನದ ಚಿತ್ರಗಳಿಗೆ ಅಂಕ ಹಾಕಿಟ್ಟಿದ್ದರು. ಹೆಚ್ಚಿನವರಿಗೆ ಹತ್ತಕ್ಕೆ ನಾಲ್ಕು, ಐದು. ಅಕ್ಕಸಾಲಿಗರ ಹುಡುಗನಿಗೆ ಎಂಟು. ಕೊನೆಯಲ್ಲಿ ನನ್ನ ಹೆಸರು, ಅದರ ಮುಂದೆ ಅಂಕವಿಲ್ಲ, ‘ಅಲುಗಾಡದೆ ಮಲಗಿದ’ ಎಂದು ಬರೆದಿದೆ.

ಎರಡೂ ಬದಿ ಕಾಣುವಂತೆ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದೇನೆ. ಮಹೋತ್ಸವದ ದಿನ ಶಾಲೆಗೆ ಒಪ್ಪಿಸುತ್ತೇನೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ: ಅದನ್ನು ಕಚೇರಿಯ ಗೋಡೆಗೆ ಹಾಕಬೇಡಿ. ತಗಡಿನ ಕೋಣೆಯ ಡೆಸ್ಕುಗಳನ್ನು ತೆಗೆಸುವ ಖರ್ಚು ನಮ್ಮ ಬ್ಯಾಚಿನವರದು. ಮೊಳೆಯನ್ನು ಒಂಬತ್ತನೇ ತರಗತಿಯ ಮಕ್ಕಳ ಕಣ್ಣಿನ ಎತ್ತರಕ್ಕೆ ಹೊಡೆಸಿ.